ಎರಡು ಮನೆಯ ನಡುವೆ ಒಂದು ಡಾಂಗಲ್

ಹೆದರುಪುಕ್ಕಲರನ್ನು ಹೆದರಿಸುವ ಕೆಲಸಗಳೇ ಹುಡುಕಿಕೊಂಡು ಬರುತ್ತವೆ. ನನ್ನ ಮಟ್ಟಿಗಂತೂ ಇದು ಒಮ್ಮೆಯೂ ತಪ್ಪಿಲ್ಲ. ನಾನು ಹಲ್ಲಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನಿಗೆ ಹೆದರುತ್ತೇನೆ. ಕೆಲಸ ಮಾತ್ರ ಕಲಬುರಗಿಯ ಖೂಬಾ ಪ್ಲಾಟಿನ ಒಂದು ಸಣ್ಣ ಕಂಪನಿಯಲ್ಲಿ. ಊರ ಮಂದಿಯ ವೈಫೈ ಕೆಟ್ಟರೆ ಹೋಗಿ ನೋಡುವುದು, ಅಂದರೆ ಗೊತ್ತಿಲ್ಲದ ನಂಬರಿನಿಂದ ಬರುವ ಫೋನುಗಳನ್ನು ಎತ್ತುವುದು.

ನನ್ನ ಭಯಗಳಿಗೆಲ್ಲ ಮೂಲ ಆಫೀಸಿನ ಲ್ಯಾಪ್‌ಟಾಪು. ಅದರಲ್ಲಿರುವುದು ವಿಂಡೋಸ್. ಬಿಲ್ ಮಾಡುವ ಸಾಫ್ಟ್‌ವೇರ್ ಅದರಲ್ಲೇ ನಡೆಯುವುದರಿಂದ ಅದನ್ನು ತೆಗೆಯಕೂಡದು ಎಂದು ನಮ್ಮ ಮಾಲಕರ ಅಪ್ಪಣೆ. ಆದರೆ ಗಾಳಿಯಲ್ಲಿ ಓಡಾಡುವ ವೈಫೈ ಸಿಗ್ನಲ್ಲುಗಳನ್ನು ಹಿಡಿದು ತೋರಿಸುವ ಒಳ್ಳೆಯ ಸಾಧನಗಳು ಇರುವುದು ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸಿನಲ್ಲಿ. ಹಾಗಾಗಿ ವಿಂಡೋಸಿನ ಒಳಗೇ ಒಂದು ಲಿನಕ್ಸ್ ಕೂರಿಸಿದೆ, ದೊಡ್ಡ ಮನೆಯ ಒಂದು ಕೋಣೆಗೆ ಬಾಡಿಗೆಯವರನ್ನು ಇಟ್ಟ ಹಾಗೆ. ತೊಡಕೇನೆಂದರೆ, ಮನೆಯೊಡೆಯ ವಿಂಡೋಸು ಒಳಗಿನ ಲಿನಕ್ಸಿಗೆ ಇಂಟರ್ನೆಟ್ಟು ಬಡಿಸುತ್ತದೆಯೇ ಹೊರತು ವೈಫೈ ಯಂತ್ರವನ್ನು ಮುಟ್ಟಗೊಡುವುದಿಲ್ಲ. ಊಟ ಹಾಕುತ್ತದೆ, ಅಡುಗೆಮನೆಗೆ ಬಿಡುವುದಿಲ್ಲ. ಲಿನಕ್ಸು ಯಂತ್ರವನ್ನೇ ಮುಟ್ಟಬೇಕೆಂದರೆ ಹೊರಗಿನಿಂದ ಒಂದು ಯುಎಸ್‌ಬಿ ಡಾಂಗಲ್, ಅಂದರೆ ಬೆರಳಗಲದ ಬೇರೊಂದು ವೈಫೈ ಯಂತ್ರ, ಚುಚ್ಚಿ, ಅದನ್ನು ಆದೇಶ ಕೊಟ್ಟು ವಿಂಡೋಸಿನ ಕೈಯಿಂದ ಬಿಡಿಸಿ ಲಿನಕ್ಸಿನ ಕೈಗೆ ಒಪ್ಪಿಸಬೇಕು. ಈ ಒಪ್ಪಿಸುವ ಕೆಲಸದಲ್ಲೇ ನನ್ನ ಎದೆ ಎಷ್ಟು ಸಲ ಬಾಯಿಗೆ ಬಂದಿದೆಯೋ ಲೆಕ್ಕವಿಲ್ಲ.

ಮಾಯವಾದ ಮೇಡಂ

ಮೊದಲ ಸಲ ಒಪ್ಪಿಸಿದ್ದು ಒಂದು ವಿಡಿಯೋ ಮೀಟಿಂಗಿನ ನಡುವೆ. ಆ ಕಡೆ ಒಂದು ದಾಲ್ ಮಿಲ್ಲಿನ ಯಜಮಾನರು, ಇನ್ನೊಂದು ಕಡೆ ತಮ್ಮ ಮನೆಯಿಂದ ನಮ್ಮ ಮಾಲಕರು, ಆಫೀಸಿನಲ್ಲಿ ನಾನೊಬ್ಬಳೇ. ಮಿಲ್ಲಿನ ವೈಫೈಗೆ ಕಳ್ಳರು ನುಗ್ಗದಂತೆ ಹೇಗೆ ನೋಡಿಕೊಳ್ಳುತ್ತೇವೆ ಎಂದು ತೋರಿಸಬೇಕಿತ್ತು. ಯಜಮಾನರು ದಪ್ಪ ಮೀಸೆಯವರು. ಆರಂಭದಿಂದ ಕೊನೆಯವರೆಗೆ ಒಂದು ಸಲವೂ ರೆಪ್ಪೆ ಬಡಿದಂತೆ ನನಗೆ ಕಾಣಲಿಲ್ಲ.

"ನಮ್ಮ ಮೇಡಂ ಈಗ ಖುದ್ದ ಮಾಡಿ ತೋರಿಸ್ತಾರ, ನೋಡ್ರಿ" ಎಂದರು ಮಾಲಕರು.

ನಮ್ಮ ಲ್ಯಾಪ್‌ಟಾಪಿನ ಸ್ವಂತ ವೈಫೈ ಎಂದೋ ಸತ್ತಿತ್ತು. ಇಂಟರ್ನೆಟ್ಟು ಬರುತ್ತಿದ್ದದ್ದೇ ಆ ಡಾಂಗಲ್ಲಿನಿಂದ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹೆದರಿದಾಗ ಗೊತ್ತಿರುವುದೆಲ್ಲ ಎಲ್ಲಿ ಹೋಗಿ ಅಡಗುತ್ತದೋ. "ಈಗ ನೋಡ್ರಿ ಸರ್" ಎಂದು ಡಾಂಗಲ್ಲನ್ನು ಲಿನಕ್ಸಿಗೆ ಒಪ್ಪಿಸುವ ಆದೇಶ ಬರೆದು ಎಂಟರ್ ಒತ್ತಿದೆ.

ಯಜಮಾನರ ಮೀಸೆ ಅಲ್ಲೇ ನಿಂತಿತು. ಮಾಲಕರು ಬಾಯಿ ತೆರೆದವರು ಮುಚ್ಚಲಿಲ್ಲ. ಆಮೇಲೆ ಇಬ್ಬರೂ ಪರದೆಯಿಂದ ಹೋದರು. ವಿಂಡೋಸಿನಲ್ಲಿ ನೋಡಿದರೆ ಡಾಂಗಲ್ ಇಲ್ಲ. ಲಿನಕ್ಸಿನಲ್ಲಿ ನೋಡಿದರೆ, ಯಾವುದೋ ಒಂದು ವಸ್ತು ಬಂದಿದೆ, ಏನೆಂದು ನನಗೆ ತಿಳಿಯದು ಎನ್ನುತ್ತಿದೆ. ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ತ್ರಿಶಂಕುವಿನ ಹಾಗೆ ನೇತಾಡುತ್ತಿತ್ತು ಅದು. ದೊಡ್ಡ ಗಿರಾಕಿ ಹೋಯಿತು, ಅದರ ಹಿಂದೆಯೇ ನನ್ನ ನೌಕರಿಯೂ ಹೋಯಿತು ಎಂದು ಊಟದ ಡಬ್ಬಿ ಬ್ಯಾಗಿಗೆ ಹಾಕಿಕೊಂಡೆ. ನೀರಿನ ಬಾಟಲಿ ನನ್ನದೋ ಆಫೀಸಿನದೋ ಎಂದು ಯೋಚಿಸುತ್ತಿರುವಾಗ ಮಾಲಕರ ಫೋನ್ ಬಂತು.

"ಮೇಡಂ, ಏನ್ ಮಾಡಿದ್ರಿ ನೀವು?"

"ಸರ್, ಅದು ಹ್ಯಾಂಗಾತಂದ್ರ..."

"ಯಜಮಾನ್ರು ಭಾಳ ಖುಷ್ ಆಗ್ಯಾರ. ಒಂದು ಗುಂಡಿ ಒತ್ತಿದ್ರ ಮನಷ್ಯಾನೇ ಸಿಗಂಗಿಲ್ಲಂದ್ರ ಕಳ್ಳರಿಗೆ ಏನ್ ಸಿಗ್ತದ, ನಮ್ಮ ಮಿಲ್ಲಿಗೂ ಇದನ್ನೇ ಹಾಕ್ರಿ ಅನ್ಲಾಕತ್ಯಾರ."

ಒಳಗಿದ್ದವನು

ಲಿನಕ್ಸು ಆ ಡಾಂಗಲ್ಲನ್ನು ಗುರುತಿಸದೆ ಇದ್ದದ್ದಕ್ಕೆ ಕಾರಣವಿತ್ತು. ವಿಂಡೋಸಿನ ಒಳಗೆ ಕೂರುವ ಲಿನಕ್ಸಿಗೆ ವೈಫೈ ಯಂತ್ರ ನಡೆಸುವ ವಿದ್ಯೆಯನ್ನೇ ಕಲಿಸಿರುವುದಿಲ್ಲ. ಅದರ ತಿರುಳನ್ನು, ಕರ್ನಲ್ ಎನ್ನುತ್ತಾರೆ, ನಾವೇ ಹೊಸದಾಗಿ ಕಟ್ಟಿಕೊಳ್ಳಬೇಕು. ಕಟ್ಟುವುದೆಂದರೆ ಲ್ಯಾಪ್‌ಟಾಪು ತನ್ನ ಶಕ್ತಿಯೆಲ್ಲ ಹಾಕಿ ಬಹಳ ಹೊತ್ತು ದುಡಿಯುತ್ತದೆ. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ.

ಒಂದು ಭಾನುವಾರ ಲ್ಯಾಪ್‌ಟಾಪನ್ನು ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ತಂದು, ಮುಂಜಾನೆ ಆ ಕೆಲಸಕ್ಕೆ ಹಚ್ಚಿದೆ. ಮೇ ತಿಂಗಳು. ನಮ್ಮೂರಿನ ಮೇ ತಿಂಗಳಿನಲ್ಲಿ ಸುಮ್ಮನೆ ಕೂತ ಮನುಷ್ಯರೇ ಕಾಯುತ್ತಾರೆ, ಇನ್ನು ದುಡಿಯುವ ಯಂತ್ರದ ಪಾಡು ಕೇಳಬೇಕೇ. ಮುಟ್ಟಿದರೆ ರೊಟ್ಟಿಯ ಹಂಚು. ಸಿಡಿದುಬಿಟ್ಟರೆ ಏನು ಗತಿ ಎಂದು ನಾನು ಆಗಾಗ ಬಾಗಿಲ ಮರೆಯಿಂದ ಇಣುಕಿ ನೋಡುತ್ತಿದ್ದೆ. ಅತ್ತೆ ಇದನ್ನೆಲ್ಲ ಗಮನಿಸುತ್ತ ಇದ್ದವರು ಕೇಳಿದರು.

"ಅದು ಯಾಕವಾ ಹಂಗ ಚೀರ್ಲಾಕತ್ತದ?"

"ಏನಿಲ್ರಿ ಅತ್ತಿ. ವಿಂಡೋಸಿನ ಒಳಗ ಇನ್ನೊಂದು ಅದ. ಅದಕ್ಕ ಸ್ವಲ್ಪ ಕಲಸ್ಲಾಕತ್ತೀನಿ."

"ಒಳಗ ಇನ್ನೊಂದು ಅದ?"

"ಹ್ಞೂಂ. ಅದಕ್ಕ ಹೊರಗಿಂದು ಏನೂ ಕಾಣಂಗಿಲ್ಲ. ಈ ಕೆಲಸ ಮುಗದ್ರ ಕಾಣ್ತದ."

ನಾನು ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ. ಒಗೆದು, ಹಿಂಡಿ, ಹರವಿ ಒಳಗೆ ಬಂದರೆ ಮನೆ ನಿಶ್ಶಬ್ದವಾಗಿದೆ. ಫ್ಯಾನಿನ ಸದ್ದಿಲ್ಲ. ಕೆಲಸ ಮುಗಿಯಿತೆಂದು ಖುಷಿಯಿಂದ ನೋಡಿದರೆ ಲ್ಯಾಪ್‌ಟಾಪಿನ ಪರದೆ ಕಪ್ಪಗಾಗಿದೆ, ದೀಪವೂ ಇಲ್ಲ. ಪಕ್ಕದಲ್ಲಿ ಅತ್ತೆ ಕೂತು ಅದಕ್ಕೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಾರೆ. ಆಫೀಸಿನ ಲ್ಯಾಪ್‌ಟಾಪು, ಒಳಗೆ ಇಡೀ ಊರಿನ ಬಿಲ್ಲುಗಳು.

"ಅತ್ತಿ, ಏನಾತ್ರಿ ಇದಕ್ಕ?"

ಅತ್ತೆ ಶಾಂತವಾಗಿ ಹೇಳಿದರು. ಲ್ಯಾಪ್‌ಟಾಪು ಹಟ ಹಿಡಿದಾಗ ನಾನು ದುಂಡನೆಯ ಗುಂಡಿ ಒತ್ತಿ ಹಿಡಿಯುವುದನ್ನು ಅವರು ಎಷ್ಟೋ ಸಲ ನೋಡಿದ್ದರಂತೆ. ಹಾಗೆಯೇ ಅವರೂ ಒತ್ತಿ, ಅದರ ಸದ್ದು ಅಡಗುವ ತನಕ ಹಿಡಿದಿದ್ದರು.

"ಬಿಸಲಾಗ ಯಾರನ್ನಾರ ಒಳಗ ಹಾಕಿ, ಕೀಲಿ ಜಡದು, ಸಾಲಿ ಕಲಸ್ತಾರೇನವಾ? ಕೇಳ್ಲಿಲ್ಲ ನನ್ನ ಜೀವ. ನಾನೇ ಬಿಡಿಸಿ ಕಳಿಸ್ದೆ."

ನಿಧಾನದ ವೈಫೈ

ಅತ್ತೆ ಕಳಿಸಿಕೊಟ್ಟವನನ್ನು ಮತ್ತೆ ಕರೆತಂದು, ಇನ್ನೊಂದು ದಿನ ಆಫೀಸಿನಲ್ಲಿ ಕೂತು ಕಲಿಸಿದ ಮೇಲೆ ಲಿನಕ್ಸಿಗೆ ಡಾಂಗಲ್ ಕಂಡಿತು. ಸುತ್ತಲಿನ ವೈಫೈಗಳನ್ನೆಲ್ಲ ಅದು ಸಾಲಾಗಿ ಪರದೆಗೆ ತಂದು ನಿಲ್ಲಿಸಿತು. ಸರಿ, ಮನೆಯಲ್ಲೂ ಒಮ್ಮೆ ನೋಡೋಣವೆಂದು ಸಂಜೆ ಪಡಸಾಲೆಯಲ್ಲಿ ಕೂತೆ. ಕರಿ ಪರದೆಯ ಮೇಲೆ ನಮ್ಮ ಓಣಿಯೇ ಬಂದಿತ್ತು. ದವಾಖಾನೆಯ ವೈಫೈ, ಟ್ಯೂಶನ್ ಕ್ಲಾಸಿನ ವೈಫೈ, ಪಕ್ಕದ ಮನೆಯ ವೈಫೈ.

ಪಕ್ಕದ ಮನೆಯವರು ನಿವೃತ್ತ ಹೆಡ್‌ಮಾಸ್ತರು. ನಾನು ಮೂರನೆಯ ತರಗತಿಯಲ್ಲಿ ಅವರ ಕೈಯಿಂದ ಮಗ್ಗಿ ಕಲಿತವಳು. ಈಗಲೂ ಅವರ ಕೆಮ್ಮು ಕೇಳಿದರೆ ನನ್ನ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ದಿನ ಕೆಮ್ಮು ಕೇಳುವ ಮೊದಲೇ ಅವರು ನನ್ನ ಕುರ್ಚಿಯ ಬದಿಗೆ ಬಂದು ನಿಂತಿದ್ದರು. ಕನ್ನಡಕ ಏರಿಸಿ ಪರದೆಗೆ ಬಾಗಿದರು.

"ಇದರಾಗ ನಮ್ಮನಿ ಹೆಸರು ಯಾಕ ಅದವಾ?"

ಇದು ಬರೀ ಹೆಸರು ತೋರಿಸುತ್ತದೆ, ನಿಮ್ಮ ಮಾತುಕತೆ ಏನೂ ಕಾಣುವುದಿಲ್ಲ, ಇದು ನನ್ನ ನೌಕರಿಯ ಕೆಲಸ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಕುರ್ಚಿ ಎಳೆದು ಕೂತರು. ಅತ್ತೆ ಚಹಾ ತಂದಿಟ್ಟರು. ಅರ್ಧ ಕುಡಿದು ಮಾಸ್ತರು ಕೇಳಿದರು.

"ಯಾರ ಫೋನು ಯಾರ ವೈಫೈಗೆ ಕೂಡ್ಯಾದ, ಅದೂ ಗೊತ್ತಾಗ್ತದೇನು?"

"ಗೊತ್ತಾಗ್ತದ್ರಿ ಸರ್."

ಮಾಸ್ತರು ಉಳಿದರ್ಧ ಚಹಾ ಬಿಟ್ಟು ಎದ್ದು ಹೋದರು. ಪೊಲೀಸರಿಗೆ ಹೇಳುತ್ತಾರೋ, ಮಾಲಕರಿಗೆ ಹೇಳುತ್ತಾರೋ ಎಂದು ನಾನು ಒಳಗೊಳಗೇ ಬೆಂದೆ. ಮರುದಿನ ಅವರ ಮನೆಯಿಂದ ಒಂದು ಡಬ್ಬಿ ಶೇಂಗಾ ಹೋಳಿಗೆ ಬಂತು. ಅದರ ಮರುದಿನ ಉಪ್ಪಿನಕಾಯಿ. ಮಾಸ್ತರು ಕೊಡುವವರಲ್ಲ, ಏನೋ ಕೆಟ್ಟದ್ದು ಕಾದಿದೆ ಎಂದು ನನ್ನ ಭಯ ಇಮ್ಮಡಿಯಾಯಿತು. ಮೂರನೆಯ ದಿನ ಅವರೇ ಬಂದರು. ಕೂಡಲಿಲ್ಲ, ಬಾಗಿಲಲ್ಲೇ ನಿಂತರು.

"ನೋಡವಾ, ನಮ್ಮ ವೈಫೈ ಕೆಟ್ಟು ವರ್ಷಾತು. ಹೆಸರಷ್ಟೇ ಬರ್ತದ, ಇಂಟರ್ನೆಟ್ ಇಲ್ಲ. ನಿಮ್ಮತ್ತಿ ಪಾಸ್‌ವರ್ಡ್ ಕೊಟ್ಟಿದ್ರು. ನಾ ನಿಮ್ಮದೇ ನೋಡ್ತೀನಿ."

ನನಗೆ ಹೋದ ಜೀವ ಬಂದಂತಾಯಿತು. "ಅದಕ್ಕೇನ್ರಿ ಸರ್, ನೋಡ್ರಿ" ಎಂದೆ.

"ಅದಲ್ಲ" ಎಂದರು ಮಾಸ್ತರು, ತರಗತಿಯ ದನಿಯಲ್ಲಿ. "ವರ್ಷದಿಂದ ಭಾಳ ನಿಧಾನ ನಡೀಲಾಕತ್ತದ ನಿಮ್ಮ ವೈಫೈ. ಬೈಬೇಕು ಬೈಬೇಕು ಅಂತಿದ್ದೆ. ಹ್ಯಾಂಗ ಬೈಲಿ?"

ಓಣಿ ನಿಶ್ಶಬ್ದವಾದದ್ದು

ಶಹಾಬಜಾರದ ಒಂದು ಇಕ್ಕಟ್ಟು ಓಣಿಯಲ್ಲಿ ಬಟ್ಟೆ ಅಂಗಡಿಯ ಚಾಚಾ ಒಬ್ಬರಿದ್ದಾರೆ. ಗಿರಾಕಿ ಫೋನಿನಿಂದ ಪಾವತಿ ಮಾಡಲು ನಿಂತರೆ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ತಿರುಗಿ ತಿರುಗಿ ಗಿರಾಕಿಯೇ ಹೊರಟುಹೋಗುತ್ತಾನೆ ಎಂದು ಅವರ ದೂರು. ನಾನು ಲ್ಯಾಪ್‌ಟಾಪು ತೆಗೆದು, ಡಾಂಗಲ್ಲಿಗೆ ಉದ್ದನೆಯ ಆಂಟೆನಾ ಸಿಕ್ಕಿಸಿ, ಅಂಗಡಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತೆ. ಪರದೆ ತುಂಬ ವೈಫೈಗಳು. ಇಷ್ಟು ಸಣ್ಣ ಓಣಿಯಲ್ಲಿ ಇಷ್ಟೊಂದು ಜನ ಒಂದೇ ಚಾನಲ್ಲಿನಲ್ಲಿ ಕೂಗಾಡಿದರೆ ಯಾರ ಮಾತು ಯಾರಿಗೆ ಕೇಳಬೇಕು? ರೋಗ ಸಿಕ್ಕಿತೆಂದು ಸಮಾಧಾನವಾಯಿತು.

ಅಷ್ಟರಲ್ಲಿ ಪಟ್ಟಿಯಿಂದ ಒಂದು ಹೆಸರು ಹೋಯಿತು. ಮತ್ತೊಂದು ಹೋಯಿತು. ನೋಡನೋಡುತ್ತಿದ್ದಂತೆ ಒಂದೊಂದಾಗಿ ದೀಪ ಆರಿದಂತೆ ಹೋಗತೊಡಗಿದವು. ನನ್ನ ಹಣೆಯ ಮೇಲೆ ಬೆವರು ಒಡೆಯಿತು. ಡಾಂಗಲ್ ಸಾಯುತ್ತಿದೆ. ಲಿನಕ್ಸಿನಿಂದ ಬಿಡಿಸಿ ವಿಂಡೋಸಿಗೆ ಕೊಟ್ಟೆ, ವಿಂಡೋಸಿನಿಂದ ಬಿಡಿಸಿ ಲಿನಕ್ಸಿಗೆ ಕೊಟ್ಟೆ. ಈಗ ಚಾಚಾನ ಒಂದೇ ವೈಫೈ ಉಳಿದಿತ್ತು. ಇಡೀ ಓಣಿ ಯಾಕೋ ಮೌನವಾಗಿದೆ ಎಂದು ತಲೆ ಎತ್ತಿ ನೋಡಿದರೆ, ಎದುರಿನ ಮಾಳಿಗೆಯ ಕಿಟಕಿಯಿಂದ ಒಬ್ಬ ಹೆಂಗಸು ನನ್ನ ಆಂಟೆನಾವನ್ನೇ ನೋಡುತ್ತಿದ್ದವಳು ಪಟ್ಟನೆ ಕಿಟಕಿಯ ಕದ ಹಾಕಿಕೊಂಡಳು.

ಆಮೇಲೆ ಚಾಚಾ ಬಿಡಿಸಿ ಹೇಳಿದರು. ಆ ಓಣಿಯಲ್ಲಿ ಒಬ್ಬರು ಕನೆಕ್ಷನ್ ತೆಗೆದುಕೊಂಡರೆ ಅದನ್ನು ಕಂಪನಿಗೆ ತಿಳಿಯದ ಹಾಗೆ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುತ್ತಾರಂತೆ. ಯಾರೋ ಚೆಕಿಂಗ್ ಮೇಡಂ ಬಂದಿದ್ದಾಳೆ ಎಂದು ಸುದ್ದಿ ಹಬ್ಬಿ ಎಲ್ಲರೂ ತಮ್ಮ ತಮ್ಮ ವೈಫೈ ಡಬ್ಬಿ ಬಂದ್ ಮಾಡಿ ಕೂತಿದ್ದರು. ನಾನು ಡಾಂಗಲ್ ಸತ್ತಿತೆಂದು ಹೆದರಿ ಬೆವರುತ್ತಿದ್ದೆ, ಅವರು ನನಗೆ ಹೆದರಿ.

ಚಾಚಾನ ಅಂಗಡಿಯಲ್ಲಿ ಆಗ ಒಬ್ಬ ಗಿರಾಕಿ ಪಾವತಿ ಮಾಡಿದ. ಚಕ್ರ ತಿರುಗಲಿಲ್ಲ, ಟಣ್ ಎಂದು ಸದ್ದಾಯಿತು. ಚಾಚಾ ನನ್ನನ್ನು ಮಹಾ ಗೌರವದಿಂದ ನೋಡಿದರು.

"ಬೇಟಿ, ನಿಮ್ಮ ಇಲಾಜ್ ಭಾಳ ಛಲೋ ಅದ. ರಿಪೇರಿ ಗಿಪೇರಿ ಏನೂ ಬ್ಯಾಡ. ದಿನಾ ಅಂಗಡಿ ತೆರೆಯೋ ಹೊತ್ತಿಗೆ ಬಂದು ಆ ಕಡ್ಡಿ ಎತ್ತಿ ತೋರಿಸಿ ಹೋಗ್ರಿ, ಸಾಕು."

ಕಮಲಾಪುರದಲ್ಲಿ ಹಿಂದೆ ಬಂದದ್ದು

ಇದನ್ನು ನೆನೆದರೆ ಈಗಲೂ ನನ್ನ ಕತ್ತಿನ ಹಿಂಭಾಗ ಜುಮ್ಮೆನ್ನುತ್ತದೆ.

ಕಮಲಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರಿನಲ್ಲೇ ಬರೆಯುವ ನೌಕರಿಯ ಪರೀಕ್ಷೆ ಇತ್ತು. ಅಲ್ಲಿನ ನೆಟ್‌ವರ್ಕಿನ ಹೊಣೆ ನಮ್ಮ ಕಂಪನಿಯದು. ಪರೀಕ್ಷೆಯ ಮುಂಜಾನೆ ಬಸ್ಸಿಳಿದು, ಕೆಂಪು ಬಾಳೆಹಣ್ಣಿನ ಗಾಡಿಗಳನ್ನು ದಾಟಿ ಕಾಲೇಜಿಗೆ ಹೋದರೆ ಗೇಟಿನಲ್ಲೇ ಗದ್ದಲ. ಕೇಂದ್ರದ ಮುಖ್ಯಸ್ಥೆ ಒಬ್ಬ ಎತ್ತರದ ಮೇಡಂ. ಅವರು ಮೆಲ್ಲಗೆ ಮಾತಾಡುತ್ತಿದ್ದರು, ಅದಕ್ಕೇ ಎಲ್ಲರೂ ಅವರಿಗೆ ಹೆದರುತ್ತಿದ್ದರು. ಕಾಲೇಜು ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಹೊಸ ವೈಫೈ ಕಾಣಿಸಿಕೊಂಡಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಹೆಸರು: "ನಿಮ್ಮ ಹಿಂದ ಅದೀನಿ."

"ಯಾರೋ ಒಳಗ ಕೂತು ಉತ್ತರ ಕಳಸ್ಲಾಕ ತಯಾರಿ ಮಾಡ್ಯಾರ" ಎಂದರು ಮುಖ್ಯಸ್ಥೆ. ಗೇಟಿನ ಬದಿಯ ಕಲ್ಲುಬೆಂಚಿನ ಮೇಲೆ ಒಬ್ಬ ಹುಡುಗಿಯನ್ನು ಕೂರಿಸಿದ್ದರು. ಅವಳ ಚೀಲದಲ್ಲಿ ಪವರ್ ಬ್ಯಾಂಕ್ ಸಿಕ್ಕಿತ್ತು, ಕಂಪ್ಯೂಟರ್ ಕಲಿತವಳೆಂದು ಅರ್ಜಿಯಲ್ಲಿತ್ತು, ಮೇಲಾಗಿ ಅವಳು ನಡುಗುತ್ತಿದ್ದಳು. ಇಷ್ಟು ಸಾಕಾಗಿತ್ತು. "ಅದು ಸಿಗೋತನಕ ಈಕಿ ಒಳಗ ಹೋಗಂಗಿಲ್ಲ."

ಗೇಟು ಹಾಕುವ ಹೊತ್ತು ಸಮೀಪಿಸುತ್ತಿತ್ತು. ಹುಡುಗಿ ವೇಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು. "ಅಕ್ಕಾ, ಇದು ನನ್ನ ಕಡೇ ಸಲರೀ. ಮುಂದಿನ ಸಲಕ್ಕ ವಯಸ್ಸು ಮೀರ್ತದ" ಎಂದಳು, ನನಗಷ್ಟೇ ಕೇಳುವಂತೆ. ನಡುಗುವವರೆಲ್ಲ ಕಳ್ಳರಾದರೆ ನಾನು ಎಂದೋ ಜೈಲಿನಲ್ಲಿರಬೇಕಿತ್ತು. ಏನೂ ಹೇಳದೆ ಲ್ಯಾಪ್‌ಟಾಪು ತೆರೆದು, ಡಾಂಗಲ್ಲನ್ನು ಲಿನಕ್ಸಿಗೆ ಒಪ್ಪಿಸಿದೆ. ಒಂದೇ ಸಲಕ್ಕೆ ಒಪ್ಪಿಕೊಂಡಿತು. ಆ ಹೆಸರನ್ನು ಮಾತ್ರ ಆರಿಸಿ, ಅದರ ಬಲ ತೋರಿಸುವ ಅಂಕಿಯನ್ನು ಪರದೆಯಲ್ಲಿ ಇಟ್ಟುಕೊಂಡೆ. ಹತ್ತಿರ ಹೋದಷ್ಟೂ ಅಂಕಿ ಏರುತ್ತದೆ, ದೂರ ಸರಿದಷ್ಟೂ ಇಳಿಯುತ್ತದೆ.

"ಒಬ್ರೇ ಹೋಗಬ್ಯಾಡ್ರಿ. ಹವಾಲ್ದಾರ, ಇವರ ಸಂಗಾಟ ಹೋಗ್ರಿ. ಸಿಕ್ಕ ಕೂಡ್ಲೇ ಹಿಡೀರಿ" ಎಂದರು ಮುಖ್ಯಸ್ಥೆ. ಬಂದೋಬಸ್ತಿಗೆ ಬಂದಿದ್ದ ಹಿರಿಯ ಹವಾಲ್ದಾರರು ಲಾಠಿ ತೆಗೆದುಕೊಂಡು ನನ್ನ ಹಿಂದೆ ನಿಂತರು.

ಹುಡುಗಿಯ ಬಳಿ ನಿಂತೇ ಅಂಕಿ ನೋಡಿದೆ. ಬಹಳ ಮೇಲಿತ್ತು. ಅಯ್ಯೋ, ಇವಳೇನಾ? ನಂಬಲಾಗದೆ ಲ್ಯಾಪ್‌ಟಾಪನ್ನು ಮೊರದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಾಲೇಜಿನ ಒಳಗೆ ನಡೆದೆ. ಅಂಕಿ ಇಳಿಯಲಿಲ್ಲ. ಉದ್ದನೆಯ ಪಡಸಾಲೆ ದಾಟಿದೆ. ಇಳಿಯಲಿಲ್ಲ. ಮೆಟ್ಟಿಲು ಹತ್ತಿ ಖಾಲಿ ಮಾಳಿಗೆಗೆ ಹೋದೆ. ಆಗಲೂ ಇಳಿಯಲಿಲ್ಲ. ಹಾಗಾದರೆ ಹುಡುಗಿಯದಲ್ಲ ಎಂದು ಒಂದು ಕ್ಷಣ ಸಂತೋಷವಾಯಿತು. ಮರುಕ್ಷಣ ಇನ್ನೊಂದು ಹೊಳೆಯಿತು. ನಾನು ಎಲ್ಲಿ ಹೋದರೂ ಅದು ನನ್ನ ಜೊತೆಗೇ ಬರುತ್ತಿತ್ತು. ನನ್ನ ಫೋನನ್ನು ಗೇಟಿನಲ್ಲೇ ಒಪ್ಪಿಸಿ ಬಂದಿದ್ದೆ.

"ಎಲ್ಲದಾನ್ರಿ?" ಎಂದು ಹವಾಲ್ದಾರರು ಪಿಸುಗುಟ್ಟಿದರು.

"ಇಲ್ಲೇ ಅದಾನ್ರಿ. ಭಾಳ ಸಮೀಪ" ಎಂದೆ.

ಅವರು ಲಾಠಿ ಎತ್ತಿ ಹಿಡಿದು ಇನ್ನಷ್ಟು ಹತ್ತಿರ ಬಂದರು. ಅಂಕಿ ಇನ್ನಷ್ಟು ಏರಿತು.

"ಏರ್ಲಾಕತ್ತದ್ರಿ" ಎಂದೆ.

"ಹೆದರಬ್ಯಾಡ್ರಿ, ನಾ ಅದೀನಿ" ಎಂದು ಅವರು ನನ್ನ ಭುಜಕ್ಕೆ ತಾಗುವಂತೆ ನಿಂತರು. ಅಂಕಿ ನಾನು ಜೀವಮಾನದಲ್ಲಿ ನೋಡದಷ್ಟು ಮೇಲೆ ಹೋಯಿತು.

ಓಡಿಬಿಡೋಣ ಎನಿಸಿತು. "ನೀವು ಇಲ್ಲೇ ನಿಂದರ್ರಿ, ನಾ ಆ ತುದಿ ತನಕ ನೋಡಿ ಬರ್ತೀನಿ" ಎಂದು ಹೇಗೋ ಹೇಳಿ ಮುಂದೆ ಹೋದೆ. ಆಗ ಮೊದಲ ಸಲ ಅಂಕಿ ಇಳಿಯಿತು. ತಿರುಗಿ ಬಂದೆ, ಏರಿತು. ಮತ್ತೆ ಹೋದೆ, ಇಳಿಯಿತು. ತುದಿಯಲ್ಲಿ ನಿಂತು ಹವಾಲ್ದಾರರನ್ನು ನೋಡಿದೆ. ಅವರು ಲಾಠಿ ಎತ್ತಿಕೊಂಡು ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸುತ್ತ ನನ್ನನ್ನು ಕಾಯುತ್ತಿದ್ದರು.

ಈಗ ಹೊಸ ಭಯ ಶುರುವಾಯಿತು. ಪೊಲೀಸರಿಗೆ ನೀವೇ ಕಳ್ಳ ಎಂದು ಹೇಳುವುದು ಹೇಗೆ?

"ಕಾಕಾ, ನಿಮ್ಮ ಕಡೆ ಫೋನ್ ಅದ ಏನ್ರಿ?"

"ಅದ. ಪೊಲೀಸರ ಫೋನ್ ಯಾರ್ ಕೇಳ್ತಾರ?" ಎಂದು ಅಂಗಿಯ ಒಳಗಿನಿಂದ ತೆಗೆದರು. ಹಾಟ್‌ಸ್ಪಾಟ್ ಎಂಬ ಫೋನಿನದೇ ವೈಫೈ ಉರಿಯುತ್ತಲೇ ಇತ್ತು. ಹೆಸರು ಅದೇ. ಅವರು ಒಮ್ಮೆ ಫೋನನ್ನು ನೋಡಿದರು, ಒಮ್ಮೆ ನನ್ನ ಪರದೆಯನ್ನು ನೋಡಿದರು. ಎತ್ತಿದ ಲಾಠಿ ಮೆಲ್ಲಗೆ ಇಳಿಯಿತು.

"ಮುಂಜಾನೆ ಮಗಳು ಓದ್ಲಾಕ ಚಾಲೂ ಮಾಡ್ಕೊಂಡಿದ್ಳರೀ. ಹೆಸರೂ ಆಕೀನೇ ಇಟ್ಟಾಳ, ಮಂದಿ ಹೆದರಿ ದೂರ ಇರ್ಲಿ ಅಂತ." ಅದನ್ನು ಆರಿಸಿ, ಫೋನನ್ನು ಅಂಗಿಯೊಳಗೆ ಇಟ್ಟುಕೊಂಡು ಕೇಳಿದರು: "ಮೇಡಮ್ಮರಿಗೆ ನೀವು ಹೇಳ್ತೀರೇನು?"

"ನನಗ ಹೆದ್ರಿಕಿ ಆಗ್ತದ್ರಿ, ನೀವೇ ಹೇಳ್ರಿ" ಎಂದೆ.

"ನನಗೂ ಆಗ್ತದ್ರಿ" ಎಂದರು ಹವಾಲ್ದಾರರು.

ಇಬ್ಬರೂ ಗೇಟಿಗೆ ಬಂದೆವು. ಮುಖ್ಯಸ್ಥೆ ನಮಗೆ ಬೆನ್ನು ಮಾಡಿ ಹುಡುಗಿಯ ಎದುರು ನಿಂತಿದ್ದರು. ನಾನು ದೇವರ ಮೇಲೆ ಭಾರ ಹಾಕಿ ಹೇಳಿದೆ: "ಮೇಡಂ, ಈ ಹುಡುಗಿದಲ್ರಿ. ಖಾತ್ರಿ ಮಾಡ್ಕೊಂಡೀನಿ. ಹೊತ್ತಾಗ್ಲಾಕತ್ತದ, ಒಳಗ ಬಿಡ್ರಿ." ಅವರು ಹುಡುಗಿಯ ಮುಖವನ್ನೊಮ್ಮೆ ನೋಡಿ ಕೈಯಿಂದ ದಾರಿ ತೋರಿಸಿದರು. ಅವಳು ಕಣ್ಣೊರೆಸಿಕೊಳ್ಳುತ್ತ ಓಡಿದಳು. ಅವಳು ಬಾಗಿಲು ದಾಟಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಮುಖ್ಯಸ್ಥೆ ಅವಳು ಹೋದ ದಿಕ್ಕನ್ನೇ ನೋಡುತ್ತ, ತಿರುಗದೆ, ಅದೇ ಮೆಲುದನಿಯಲ್ಲಿ ಕೇಳಿದರು.

"ಹವಾಲ್ದಾರ, ಸಿಕ್ಕಾನೇನು?"

"ಸಿಕ್ಕಾನ್ರಿ ಮೇಡಂ."

"ಎಲ್ಲದಾನ?"

ಹವಾಲ್ದಾರರು ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿ, ಟೋಪಿ ಸರಿ ಮಾಡಿಕೊಂಡು, ನೆಟ್ಟಗೆ ನಿಂತು ಹೇಳಿದರು.

"ನಿಮ್ಮ ಹಿಂದ ಅದೀನ್ರಿ."